ಸಾರ್ ಟೀಗೆ ಹೋಗುವ ದಿನ

ಬುಧವಾರ ಬೆಳಗ್ಗೆ ಕಣ್ಣು ಬಿಡುವ ಮೊದಲೇ ವಾಣಿಗೆ ತನ್ನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಉಜ್ಜಿಕೊಳ್ಳುತ್ತಿರುವುದು ತಿಳಿಯಿತು. ಯಾರೂ ಹೇಳದೆ, ತಮ್ಮ ಪಾಡಿಗೆ ತಾವು, ಇಲ್ಲದ ಎಳೆಯೊಂದನ್ನು ಹೊಸೆಯುತ್ತಿದ್ದವು. ಆ ಕೈಯನ್ನು ದಿಂಬಿನ ಕೆಳಗೆ ತುರುಕಿ, ಮೇಲೆ ತಲೆಯ ಭಾರ ಹಾಕಿ ಇನ್ನಷ್ಟು ಹೊತ್ತು ಬಿದ್ದುಕೊಂಡಳು. ಗೋಡೆಯಾಚೆ ಅಪ್ಪನ ನಾಲ್ಕು ಪವರ್‌ಲೂಮುಗಳು ಆಗಲೇ ಶುರುವಾಗಿದ್ದವು. ಮಂಚ, ಕ್ಯಾಲೆಂಡರು, ಕಿಟಕಿಯ ಸರಳು, ಲೋಟದೊಳಗಿನ ನೀರು ಎಲ್ಲವೂ ಒಂದೇ ತಾಳಕ್ಕೆ ಸಣ್ಣಗೆ ನಡುಗುತ್ತಿದ್ದವು. ದೊಡ್ಡಬಳ್ಳಾಪುರದ ಈ ಬೀದಿಯಲ್ಲಿ ಹುಟ್ಟಿದವರಿಗೆ ಮಗ್ಗದ ಸದ್ದು ಕೇಳಿಸುವುದಿಲ್ಲ, ನಿಂತರೆ ಕೇಳಿಸುತ್ತದೆ. ಕರೆಂಟು ಹೋದ ಕೂಡಲೇ ತೊಟ್ಟಿಲಲ್ಲಿ ಮಲಗಿದ ಕೂಸುಗಳು ಬೆಚ್ಚಿ ಅಳುತ್ತವೆ. ತನ್ನೊಳಗೂ ಅಂಥದೇ ಒಂದು ಸದ್ದು ನಾಲ್ಕು ತಿಂಗಳಿಂದ ನಡೆಯುತ್ತಿದೆ ಎಂದುಕೊಂಡಳು. ಇಷ್ಟು ದಿನ ಕೇಳಿಸದಂತೆ ಇದ್ದುಬಿಟ್ಟಿದ್ದಳು. ಇವತ್ತು ಕೇಳಿಸುತ್ತಿತ್ತು.

ಇವತ್ತು ಪಾಪಯ್ಯ ಮಾವನ ಹರ್ನಿಯಾ ಆಪರೇಷನ್. ನಿನ್ನೆ ವಾರ್ಡು ನೋಡಿ ಮುಗಿಸಿ ಮೆಟ್ಟಿಲಿಳಿಯುವಾಗ ಡಾಕ್ಟರ್ ವೇಣುಗೋಪಾಲ್, ಹಿಂದಕ್ಕೆ ತಿರುಗಿಯೂ ನೋಡದೆ, ನಾಳಿನದು ನಿನ್ನದು ಕಣಮ್ಮ, ನಾನು ಗ್ಲೌಸ್ ಹಾಕಿಕೊಳ್ಳುವುದಿಲ್ಲ ಎಂದಿದ್ದರು. ಆ ಮಾತು ಕೇಳುವುದಕ್ಕೆಂದೇ ಅವಳು ಈ ಆಸ್ಪತ್ರೆಗೆ ಬಂದಿದ್ದಳು. ಬೆಂಗಳೂರಿನ ಕಾಲೇಜಿನಲ್ಲಿ ಸರ್ಜರಿ ಓದುವವರನ್ನು ಕೊನೆಯ ವರ್ಷ ಆರು ತಿಂಗಳು ಹೊರಗಿನ ಆಸ್ಪತ್ರೆಗಳಿಗೆ ಕಳಿಸುತ್ತಿದ್ದರು. ತನ್ನೂರಿನ ಧರ್ಮಾಸ್ಪತ್ರೆಯೇ ಬೇಕೆಂದು ಅವಳು ಪ್ರಿನ್ಸಿಪಾಲರ ಕೋಣೆಯ ಮುಂದೆ ಮೂರು ದಿನ ನಿಂತಿದ್ದಳು. ಅಲ್ಲಿ ವೇಣುಗೋಪಾಲ್ ಸಾರ್ ಇದ್ದಾರೆ ಎಂಬುದೇ ಕಾರಣ. ಅವರ ಕೈಕೆಳಗೆ ಪಳಗಿದವರು ಎಲ್ಲಿದ್ದರೂ ಗುರುತು ಸಿಗುತ್ತಾರೆ, ಅವರ ಕೈ ಓಡುವುದಿಲ್ಲ, ನಡೆಯುತ್ತದೆ ಎಂದು ಕಾಲೇಜಿನಲ್ಲಿ ಹೇಳುತ್ತಿದ್ದರು. ಕಲಿಯುವವರು ಆಪರೇಷನ್ ಮಾಡುವಾಗ ಸಾರ್ ಎದುರಿಗೆ ನಿಂತು, ತಮ್ಮ ತೋರುಬೆರಳನ್ನು ಅವರ ಮಣಿಕಟ್ಟಿನ ಮೇಲೆ ಹಗುರವಾಗಿ ಇಟ್ಟಿರುತ್ತಿದ್ದರು. ಬೆರಳು ಒತ್ತಿದರೆ ನಿಲ್ಲಿಸಬೇಕು. ಕೆಲವು ವಾರವಾದ ಮೇಲೆ ಬೆರಳು ಎದ್ದುಹೋಗುತ್ತಿತ್ತು. ಇನ್ನೂ ಕೆಲವು ವಾರಕ್ಕೆ ಒಂದು ದಿನ ಸಾರ್ ಏನೂ ಹೇಳದೆ ಥಿಯೇಟರಿನಿಂದ ಹೊರಗೆ ಹೋಗಿ ವರಾಂಡದಲ್ಲಿ ಕುಳಿತು ಟೀ ಕುಡಿಯುತ್ತಿದ್ದರು. ಅಷ್ಟೇ. ಸರ್ಟಿಫಿಕೇಟು, ಚಪ್ಪಾಳೆ ಏನೂ ಇಲ್ಲ. ಆದರೆ ಸಾರ್ ಟೀಗೆ ಹೋದರು ಎಂಬ ಸುದ್ದಿ ಲಾಂಡ್ರಿಯವರೆಗೂ ಹೋಗುತ್ತಿತ್ತು, ಆ ದಿನ ಸಿಸ್ಟರುಗಳು ಹುಡುಗರಿಂದ ಜಾಮೂನು ಕೇಳಿ ತರಿಸಿಕೊಳ್ಳುತ್ತಿದ್ದರು. ಹಿಂದೆ ಬಂದವರಿಗೆಲ್ಲ ಮೂರನೆಯ ತಿಂಗಳಿಗೆ ಜಾಮೂನಾಗಿತ್ತು. ವಾಣಿ ಬಂದು ಐದು ತಿಂಗಳು ದಾಟಿತ್ತು, ಇನ್ನು ಉಳಿದದ್ದು ಮೂರು ವಾರ. ಸಾರ್ ಒಂದು ಸಲವೂ ಟೀಗೆ ಹೋಗಿರಲಿಲ್ಲ.

ಕನ್ನಡಿಯ ಮುಂದೆ ನಿಂತು ಜಡೆ ಹೆಣೆಯುತ್ತ ಅವಳು ಅಭ್ಯಾಸದಂತೆ ಕಿವಿಯ ಹಿಂದೆ ಒಮ್ಮೆ ಮುಟ್ಟಿ ನೋಡಿಕೊಂಡಳು. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಒಬ್ಬಳು ಹೇಳಬೇಕಾದ ಮಾತೊಂದನ್ನು ನುಂಗಿಬಿಡುತ್ತಾಳೆ. ಆ ಮಾತು ಹೊಟ್ಟೆಯೊಳಗೆ ಸೋರೆಬೀಜದಂತೆ ಮೊಳೆತು, ಬಳ್ಳಿಯಾಗಿ ಹಬ್ಬಿ, ಒಂದು ದಿನ ಸಂತೆಯ ನಡುವೆ ಅವಳ ಕಿವಿಯಿಂದ ಎಳೆಯ ಕುಡಿಯೊಂದು ಆಚೆ ಇಣುಕುತ್ತದೆ. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ, ಆಮೇಲೆ ಹೂವೂ ಬಿಡುತ್ತದೆ. ಅಜ್ಜಿ ಇಷ್ಟಕ್ಕೆ ನಿಲ್ಲಿಸಿ ನಗುತ್ತಿದ್ದರು. ಕಾಯಿ ಬಿಟ್ಟಿತಾ ಅಜ್ಜಿ ಎಂದರೆ, ಬಿಡ್ತು, ಆ ಕಾಯಲ್ಲಿ ಪಲ್ಯ ಮಾಡಿ ಊರೋರೆಲ್ಲ ಉಂಡ್ರು ಎನ್ನುತ್ತಿದ್ದರು. ವಾಣಿಯ ಕಿವಿಯ ಹಿಂದೆ ಸದ್ಯಕ್ಕೆ ಏನೂ ಇರಲಿಲ್ಲ.

ಹೆಬ್ಬೆರಳು, ತೋರುಬೆರಳುಗಳ ಈ ಚಾಳಿಯೂ ಅಜ್ಜಿಯದೇ ಕೊಡುಗೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಳೆಯ ನೂಲು, ಅಂದರೆ ಹಾಸು, ಮುಗಿದಾಗ ಅದರ ಕೊನೆಯ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು, ಸಾವಿರಾರು ಎಳೆ. ಕೆಚ್ಚುವುದು ಎನ್ನುತ್ತಾರೆ ಅದಕ್ಕೆ. ಗಂಟು ಹಾಕುವಂತಿಲ್ಲ, ಗಂಟು ಹಣಿಗೆಯ ಹಲ್ಲಿನಲ್ಲಿ ಸಿಕ್ಕಿಕೊಂಡು ಎಳೆ ಹರಿಯುತ್ತದೆ. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು, ಎರಡು ತುದಿಗಳನ್ನೂ ಕೂಡಿಸಿ ಹೊಸೆದು, ಹಿಂದಕ್ಕೆ ಒಂದು ಮಡಿಕೆ ಮಡಿದು ಬಿಟ್ಟುಬಿಡಬೇಕು. ಗಂಟಲ್ಲದ ಗಂಟು ಅದು. ಮಗ್ಗ ಅದನ್ನು ಮೆಲ್ಲಗೆ ಒಳಗೆಳೆದುಕೊಂಡುಬಿಡುತ್ತದೆ. ಏಳು ವರ್ಷದ ವಾಣಿ ಅಜ್ಜಿಯ ಪಕ್ಕ ಕುಳಿತು, ಕಥೆ ಕೇಳುತ್ತ, ನೋಡದೆಯೇ ಕೆಚ್ಚುತ್ತಿದ್ದಳು. ನಿನ್ನ ಬೆರಳಿಗೆ ಕಣ್ಣಿದೆ ಕಣೇ ಎಂದು ಅಜ್ಜಿ ಹೇಳಿದ್ದನ್ನು ಅವಳು ಕಾಲೇಜಿನಲ್ಲಿಯೂ ಒಳಗೊಳಗೇ ಹೇಳಿಕೊಂಡು ಹಿಗ್ಗಿದ್ದುಂಟು. ಮಾರ್ಚಿನ ಆ ಬುಧವಾರದವರೆಗೂ.

ಆ ದಿನ ಮೇಜಿನ ಮೇಲಿದ್ದವರು ಅಮ್ಮಯಮ್ಮ, ಹೂ ಕಟ್ಟಿ ಮಾರುವವರು, ಅಪೆಂಡಿಕ್ಸು. ಅಪೆಂಡಿಕ್ಸಿಗೆ ರಕ್ತ ತರುವ ನಾಳಕ್ಕೆ ಕಪ್ಪು ರೇಷ್ಮೆ ದಾರ ಬಿಗಿದು ಕತ್ತರಿಸಬೇಕಿತ್ತು. ವಾಣಿ ದಾರ ಸುತ್ತಿದಳು, ಎಳೆದಳು, ಅದೇ ಹೊತ್ತಿಗೆ ಮಣಿಕಟ್ಟಿನ ಮೇಲಿನ ಸಾರ್ ಬೆರಳು ಮೊದಲ ಸಲ ಎದ್ದುಹೋಯಿತು. ಭೇಷ್ ಎಂದರು ಸಾರ್. ಆ ಒಂದು ಮಾತಿಗೆ ಅವಳ ಒಳಗೆ ಏನೋ ತೇಲಿಹೋಯಿತು, ಬೆರಳುಗಳು ಒಡತಿಯಿಲ್ಲದ ಮನೆಯ ಮಕ್ಕಳಂತೆ ತಮಗೆ ಗೊತ್ತಿದ್ದ ಆಟ ಆಡಿದವು. ರೇಷ್ಮೆ ಸಿಕ್ಕಿದೆ, ಹೊಸೆದವು, ಮಡಿದವು, ಬಿಟ್ಟವು. ಬಿಟ್ಟ ಮರುಕ್ಷಣ ಅವಳಿಗೆ ತಿಳಿದಿತ್ತು. ಇದು ಗಂಟಲ್ಲ, ಕೆಚ್ಚು. ಸಾರ್, ಒಂದ್ ನಿಮಿಷ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಭೇಷ್ ಇನ್ನೂ ಗಾಳಿಯಲ್ಲಿ ಬಿಸಿಯಾಗಿತ್ತು, ಹೇಳಿದರೆ ಎದ್ದ ಬೆರಳು ಮತ್ತೆ ಮಣಿಕಟ್ಟಿಗೆ ಇಳಿದುಬಿಡುತ್ತಿತ್ತು, ಪಕ್ಕದಲ್ಲಿ ಸಿಸ್ಟರ್ ಜಹೀರುನ್ನೀಸಾ ಬಾಯಿಗೆ ಕಟ್ಟಿದ ಮುಸುಕಿನ ಮೇಲಿನ ಕಣ್ಣಲ್ಲೇ ಅವಳಿಗೆ ನಗು ತೋರಿಸುತ್ತಿದ್ದರು. ನಾಳದಿಂದ ರಕ್ತ ಜಿನುಗುತ್ತಿರಲಿಲ್ಲ. ನಿಂತೀತು ಎಂದುಕೊಂಡಳು. ಸಂಜೆ ನಾಲ್ಕಕ್ಕೆ ಅಮ್ಮಯಮ್ಮನ ನಾಡಿ ಏರಿತು, ಮುಖ ಬಿಳಿಚಿತು, ಹೊಟ್ಟೆ ಬಿಗಿಯಿತು. ಸಾರ್ ಮತ್ತೆ ಹೊಟ್ಟೆ ತೆರೆದು ರಕ್ತ ನಿಲ್ಲಿಸಿದರು. ಅಷ್ಟು ರಕ್ತದ ನಡುವೆ ದಾರ ಎಲ್ಲಿ ಹೋಯಿತೆಂದು ಯಾರಿಗೆ ಕಾಣಬೇಕು. ಬೇಯಿಸಿ ಬೇಯಿಸಿ ಕೊಳೆತ ಹಳೇ ರೀಲು ಕೊಟ್ಟಿದ್ದಾನೆ, ದಾರ ತುಂಡಾಗಿದೆ ಎಂದು ಸಾರ್ ಸ್ಟೋರಿನ ಯೋಗಾನಂದರನ್ನು ಮರುದಿನ ವಾರ್ಡಿನ ನಡುವೆ ನಿಲ್ಲಿಸಿ ಬೈದರು. ವಾಣಿ ಕೇಸ್‌ಶೀಟು ಹಿಡಿದುಕೊಂಡು ಎರಡು ಅಡಿ ದೂರದಲ್ಲಿ ನಿಂತಿದ್ದಳು. ಯೋಗಾನಂದ ತಮ್ಮ ಪರವಾಗಿ ಹೇಳಿದ್ದು ಒಂದೇ ಮಾತು, ಅದು ಹೊಸಾ ರೀಲು ಸಾರ್. ಆಮೇಲೆ ಅವರ ಕುತ್ತಿಗೆಯ ಮೇಲೆ ಕಂಡ ಕೆಂಪು, ವಾಣಿಗೆ ಇವತ್ತಿಗೂ ಅನ್ನ ಕಲೆಸುವಾಗ ನೆನಪಾಗುತ್ತದೆ.

ಅಮ್ಮಯಮ್ಮ ಹತ್ತನೆಯ ದಿನ ನಡೆದುಕೊಂಡೇ ಮನೆಗೆ ಹೋದರು. ಹೋಗುವ ಮುಂಚೆ ಸಾಯೋಳನ್ನ ಉಳಿಸ್ಕೊಂಡ್ರಲ್ಲ ಎಂದು ವಾಣಿಯ ಗಲ್ಲ ಹಿಡಿದು ಬೆರಳು ಮುರಿದು ದೃಷ್ಟಿ ತೆಗೆದರು. ಅಂದಿನಿಂದ ವಾರಕ್ಕೊಂದು ಕನಕಾಂಬರದ ದಂಡೆ ಆಸ್ಪತ್ರೆಗೆ ಬರುತ್ತದೆ, ವಾಣಿ ಅದನ್ನು ಮುಡಿಯಲಾರದೆ, ಬಿಸಾಡಲಾರದೆ ವಾರ್ಡಿನ ದೇವರ ಪಟಕ್ಕೆ ಹಾಕುತ್ತಾಳೆ. ಯೋಗಾನಂದರು ಅಂದಿನಿಂದ ದಾರದ ಒಂದೊಂದು ಡಬ್ಬಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಅದರ ಮೇಲಿನ ತಾರೀಖನ್ನು ಮಂತ್ರದಂತೆ ಎರಡು ಸಲ ಗಟ್ಟಿಯಾಗಿ ಓದಿಯೇ ಕೊಡುವುದು. ಸಿಸ್ಟರುಗಳೆಲ್ಲ ಅದನ್ನು ಅಣಕಿಸಿ ನಗುತ್ತಾರೆ, ವಾಣಿಯೂ ಒಮ್ಮೆ ನಕ್ಕಿದ್ದಳು, ನಕ್ಕು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಿದ್ದಳು. ಸಾರ್ ಅವಳ ಮೇಲೆ ಒಂದು ಮಾತೂ ಎತ್ತಿರಲಿಲ್ಲ. ಬೆರಳನ್ನೂ ಅವರಾಗಿ ವಾಪಸು ಇಡಲಿಲ್ಲ. ಅವಳೇ ಒಂದೊಂದು ಹೊಲಿಗೆಗೂ ತಲೆಯೆತ್ತಿ ಅವರ ಮುಖ ನೋಡುವುದಕ್ಕೆ ಶುರು ಮಾಡಿದ್ದಳು. ಸರೀನಾ ಸಾರ್, ಇಲ್ಲೇ ಹಾಕ್ಲಾ ಸಾರ್, ಇಷ್ಟು ಸಾಕಾ ಸಾರ್. ನನ್ನ ಮುಖದಲ್ಲಿ ಏನಿದೆ, ಗಾಯ ನೋಡು ಎಂದು ಅವರು ರೇಗಿದರೂ ಕತ್ತು ತಾನಾಗಿ ಮೇಲೇಳುತ್ತಿತ್ತು. ಬಿಟ್ಟುಹೋಗುವುದಾದರೂ ಹೇಗೆ ಇಂಥವಳನ್ನು. ಕಡೆಗೆ ಸಾರ್ ಬೆರಳು ಮತ್ತೆ ಮಣಿಕಟ್ಟಿಗೆ ಬಂದು ಕೂತಿತು, ಅವಳಿಗೆ ಅದರಿಂದ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು.

ಆಸ್ಪತ್ರೆಗೆ ನಡೆದು ಹೋಗುವಾಗ ಆಷಾಢದ ಗಾಳಿ ಬೀಸುತ್ತಿತ್ತು, ನೂಲಿಗೆ ಬಣ್ಣ ಹಾಕುವವರು ಒಣಹಾಕಿದ್ದ ಗುಲಾಬಿ, ಹಸಿರು ನೂಲಿನ ಲಡಿಗಳು ಬಿದಿರ ಗಳುವಿನ ಮೇಲೆ ಹೊರಳಾಡುತ್ತಿದ್ದವು. ಎಷ್ಟು ಚೆಂದದ ಬೆಳಗು, ಹಾಳು ಮಾಡಿಕೊಳ್ಳುವುದಕ್ಕೆ ನನಗೆ ಯಾವ ಹಕ್ಕಿದೆ ಎಂದು ಅವಳಿಗೆ ಅನ್ನಿಸಿತು. ಹೇಳದೆ ಇದ್ದರೆ ಇವತ್ತು ಸಾರ್ ಟೀಗೆ ಹೋಗಲೂಬಹುದು. ಹೇಳಿದರೆ ಖಂಡಿತ ಹೋಗುವುದಿಲ್ಲ. ಹೇಳದೆ ಸಿಕ್ಕ ಟೀ ಯಾರದು? ಯೋಗಾನಂದರದು, ಅವರು ತಿಂದ ಬೈಗುಳದ ಬೆಲೆಗೆ ಸಿಕ್ಕದ್ದು. ಈ ಲೆಕ್ಕವನ್ನು ಅವಳು ಗಾಂಧಿಚೌಕದಿಂದ ಆಸ್ಪತ್ರೆಯ ಗೇಟಿನವರೆಗೆ ಆರು ಸಲ ಮಾಡಿದಳು, ಆರು ಸಲವೂ ಉತ್ತರ ಒಂದೇ ಬಂತು, ಆರು ಸಲವೂ ಇಷ್ಟವಾಗಲಿಲ್ಲ.

ವಾರ್ಡಿನಲ್ಲಿ ಪಾಪಯ್ಯ ಮಾವ ಕಾಲು ಚಾಚಿ ಕುಳಿತು ದರಬಾರು ನಡೆಸುತ್ತಿದ್ದ. ಅವನು ಬೀದಿಗೆಲ್ಲ ಮಗ್ಗ ರಿಪೇರಿ ಮೇಸ್ತ್ರಿ, ಮೋಟರು, ಉಕ್ಕಿನ ಉರುಳೆ ಎತ್ತಿ ಎತ್ತಿಯೇ ತೊಡೆಯ ಸಂದಿನಲ್ಲಿ ಹರ್ನಿಯಾ ಇಳಿದಿತ್ತು. ಈ ಡಾಕ್ಟ್ರಮ್ಮ ಐದು ವರ್ಷದೋಳಿದ್ದಾಗ ನನ್ನ ಒಳ್ಳೇ ಸ್ಪ್ಯಾನರ್ ತಗೊಂಡೋಗಿ ಬಾವಿಗೆ ಹಾಕಿದ್ಲು, ಮೀನಿಗೆ ಆಟ ಆಡೋಕೆ ಬೇಕಂತೆ ಎಂದು ಅವನು ಆಚೆ ಮಂಚದವರಿಗೆ ಹೇಳುತ್ತಿರುವಾಗಲೇ ವಾಣಿ ಒಳಗೆ ಬಂದಳು. ಎಂಟು ಮಂಚವೂ ನಕ್ಕಿತು. ಬಾಗಿಲ ಬಳಿಯ ಮುದುಕರೊಬ್ಬರು ಅವಳನ್ನು ಸಿಸ್ಟರ್ ಎಂದು ಕರೆದು ಬೆಡ್‌ಪ್ಯಾನು ಕೇಳಿದರು. ಬೆಡ್‌ಪ್ಯಾನು ಕೊಟ್ಟು ಬಂದು ಅವಳು ಪಾಪಯ್ಯನ ನಾಡಿ ನೋಡಿದಳು. ಇವತ್ತು ನಾನೇ ಮಾಡುವುದು, ಸಾರ್ ಪಕ್ಕದಲ್ಲಿ ಇರುತ್ತಾರೆ ಎಂದು ನಿನ್ನೆಯೇ ಅವನಿಗೆ ಹೇಳಿದ್ದಳು. ಅವನು ಅದಕ್ಕೆ, ಸ್ಪ್ಯಾನರ್ ಮಾತ್ರ ಒಳಗೆ ಬಿಡಬೇಡ ತಾಯಿ ಎಂದಿದ್ದ.

ಥಿಯೇಟರಿನ ಪಕ್ಕದ ತೊಟ್ಟಿಯ ಮುಂದೆ ಸಾರ್ ಆಗಲೇ ಕೈ ತೊಳೆಯುತ್ತಿದ್ದರು. ಗ್ಲೌಸ್ ಹಾಕಿಕೊಳ್ಳುವುದಿಲ್ಲ ಎಂದವರು ಅಭ್ಯಾಸಬಲದಿಂದ ಮೊಣಕೈವರೆಗೂ ನೊರೆ ಮಾಡಿಕೊಂಡಿದ್ದರು. ವಾಣಿ ಎರಡನೆಯ ನಲ್ಲಿಯ ಮುಂದೆ ನಿಂತು ಬ್ರಷ್ ತೆಗೆದುಕೊಂಡಳು. ಒಂದೊಂದು ಉಗುರು, ಒಂದೊಂದು ಸಂದು. ಒಳಗೆ ಪಾಪಯ್ಯನ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಿದ್ದ ಅರಿವಳಿಕೆ ಡಾಕ್ಟರು, ಬೆನ್ನು ಬಗ್ಸಪ್ಪ, ಇನ್ನೂ ಬಗ್ಸು ಎನ್ನುವುದು ಕೇಳುತ್ತಿತ್ತು. ಹೇಳಬೇಕೆಂದು ಅವಳು ಇನ್ನೂ ತೀರ್ಮಾನಿಸಿರಲಿಲ್ಲ. ಮಾತು ಮಾತ್ರ ಬಂದುಬಿಟ್ಟಿತ್ತು, ಸೀನು ಬಂದಂತೆ.

"ಸಾರ್, ಅಮ್ಮಯಮ್ಮನ ದಾರ ತುಂಡಾಗ್ಲಿಲ್ಲ."

ಸಾರ್ ಬ್ರಷ್ ನಿಂತಿತು. ಕೈಗಳನ್ನು ಮೇಲಕ್ಕೆ ಹಿಡಿದು, ನೀರು ಮೊಣಕೈಯಿಂದ ತೊಟ್ಟಿಕ್ಕಲು ಬಿಟ್ಟು ಅವಳು ಎಲ್ಲವನ್ನೂ ಹೇಳಿದಳು. ಬೂದಿ, ಕೆಚ್ಚು, ಭೇಷ್, ಬಿಟ್ಟ ಮರುಕ್ಷಣ ತಿಳಿದದ್ದು, ತಿಳಿದೂ ಸುಮ್ಮನಿದ್ದದ್ದು. ಕಣ್ಣಲ್ಲಿ ನೀರು ಬಂದಾಗ ಒರೆಸಿಕೊಳ್ಳುವುದಕ್ಕೆ ಕೈಯಿರಲಿಲ್ಲ. ತೊಳೆದ ಕೈ ಮುಖ ಮುಟ್ಟುವಂತಿಲ್ಲ. ಅದು ಮುಸುಕಿನೊಳಕ್ಕೆ ಇಳಿದು ಉಪ್ಪುಪ್ಪಾಗಿ ಬಾಯಿಗೆ ಬಂತು. ಸಾರ್ ಬೈಯುತ್ತಾರೆ ಎಂದುಕೊಂಡಳು, ಬೈದರೆ ಎಷ್ಟೋ ಚೆನ್ನ ಎಂದುಕೊಂಡಳು.

"ಯೋಗಾನಂದಂಗೆ ಅವತ್ತು ನಾನು ಏನೇನ್ ಅಂದೆ?"

ಅವಳಿಗೆ ಒಂದಕ್ಷರ ಮರೆತಿರಲಿಲ್ಲ. "ನಿಂಗೆ ಸ್ಟೋರ್ ಯಾಕಯ್ಯ, ಹೋಗಿ ದನ ಕಾಯಿ ಅಂದ್ರಿ ಸಾರ್. ಅವರು ಹೊಸಾ ರೀಲು ಅಂದ್ರು. ನೀವು, ಸುಳ್ಳು ಬೇರೆ ಹೇಳ್ತೀಯಾ ಅಂದ್ರಿ."

"ಅಷ್ಟು ಜನದ ಮುಂದೆ."

"ಹೂಂ ಸಾರ್."

ಸಾರ್ ಕಣ್ಣು ಮುಚ್ಚಿಕೊಂಡರು. ನರೆತ ಹುಬ್ಬಿನ ಮೇಲೆ ನೊರೆಯ ಒಂದು ಗುಳ್ಳೆ ಕೂತಿತ್ತು. ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು, ಈಗಲೂ ಒಂದು ಚೂರು ಬಂತು, ಅದಕ್ಕೂ ಅವಳು ತನ್ನನ್ನು ಬೈದುಕೊಂಡಳು. ಪಾಪಯ್ಯನದು ನೀವೇ ಮಾಡಿ ಸಾರ್ ಎಂದಳು. ಸಾರ್ ಕೈಯ ನೊರೆ ತೊಳೆದುಕೊಂಡರು, ಆಮೇಲೆ ಅವಳು ಐದು ತಿಂಗಳಲ್ಲಿ ನೋಡಿರದ ಕೆಲಸ ಮಾಡಿದರು. ಗೋಡೆಯ ಮೊಳೆಯ ಮೇಲೆ ತೂಗುತ್ತಿದ್ದ ಮಾಮೂಲಿ ಟವೆಲ್ಲು ತೆಗೆದು, ಅಷ್ಟು ಹೊತ್ತು ಉಜ್ಜಿದ ಕೈಯನ್ನು ಅದರಲ್ಲೇ ಒರೆಸಿಕೊಂಡುಬಿಟ್ಟರು.

"ನಂಗೆ ಕೋಪ ಬಂದಿದೆ. ಅದನ್ನ ಆಮೇಲೆ ನೋಡ್ಕೋತೀನಿ. ಸಂಜೆ ಅಮ್ಮಯಮ್ಮನ ಮನೆಗೆ ಹೋಗಿ ಹೇಳ್ಬೇಕು, ನಾನೂ ಬರ್ತೀನಿ. ಈಗ ಯೋಗಾನಂದನ ಹತ್ರ ಹೋಗ್ಬೇಕು, ಅದು ನಾಲ್ಕು ತಿಂಗಳು ತಡ ಆಗಿದೆ. ನೀನು ಶುರು ಮಾಡು."

"ಒಬ್ಳೇನಾ ಸಾರ್?"

"ಕೈ ತಪ್ಪಿದ್ರೆ ನಿಂಗೆ ಗೊತ್ತಾಗುತ್ತೆ. ಅದು ಅವತ್ತೂ ಗೊತ್ತಾಗಿತ್ತು. ಹೇಳೋ ಬಾಯಿ ಇರ್ಲಿಲ್ಲ, ಇವತ್ತು ಬಂತು. ಇನ್ನು ನಾನು ಅಲ್ಲಿ ನಿಂತು ಕಾಯೋದೇನಿದೆ? ಸ್ಟೋರು ಹತ್ತು ಹೆಜ್ಜೆ. ಕೂಗಿದ್ರೆ ಓಡಿ ಬರ್ತೀನಿ."

ಚಪ್ಪಲಿ ಮೆಟ್ಟಿಕೊಂಡು ಅವರು ಹೋದರು. ವಾಣಿ ಮೇಲೆತ್ತಿದ ಕೈಗಳೊಂದಿಗೆ, ಯಾರಿಗೋ ಶರಣಾದವಳಂತೆ, ಖಾಲಿ ಬಾಗಿಲ ಮುಂದೆ ನಿಂತಳು. ನಾಲ್ಕು ತಿಂಗಳ ಸದ್ದು ನಿಂತಿತ್ತು, ನಿಂತದ್ದು ಎಷ್ಟು ಜೋರಾಗಿ ಕೇಳಿಸಿತೆಂದರೆ ಅವಳಿಗೆ ತೊಟ್ಟಿಲ ಕೂಸಿನಂತೆ ಅಳಬೇಕೆನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಜಹೀರುನ್ನೀಸಾ, ಏನ್ ಡಾಕ್ಟ್ರೇ, ಪಾಪಯ್ಯಂದು ಕಾಲು ಮಲಗಿತು, ನೀವು ಮಲಗಿದ್ರಾ ಎಂದು ಕರೆದರು.

ಪಾಪಯ್ಯನ ಎದೆಯ ಮೇಲೆ ಹಸಿರು ಬಟ್ಟೆಯ ಪರದೆ ಎದ್ದಿತ್ತು, ಆಚೆ ಬದಿಗೆ ಅವನ ತಲೆ, ತಲೆಯ ಬಳಿ ಅರಿವಳಿಕೆ ಡಾಕ್ಟರು. ಸೊಂಟದ ಕೆಳಗೆ ಮರಗಟ್ಟಿದ್ದರೂ ಮೇಲೆ ಅವನು ಪೂರ್ತಿ ಎಚ್ಚರವಾಗಿದ್ದ. ವಾಣಿ ಗ್ಲೌಸ್ ಹಾಕಿಕೊಂಡು ಪರದೆಯ ಮೇಲಿನಿಂದ ಬಗ್ಗಿ ಅವನ ಮುಖ ನೋಡಿದಳು. ಹೇಳಿಬಿಡುವ ಚಟ ಈಗಷ್ಟೇ ಅಂಟಿತ್ತು, ನಿಲ್ಲುವಂತಿರಲಿಲ್ಲ.

"ಮಾವ, ಸಾರ್ ಹೊರಗೆ ಹೋಗಿದಾರೆ. ಪಕ್ಕದಲ್ಲೇ ಇದಾರೆ, ಆದ್ರೆ ಇಲ್ಲಿ ಇಲ್ಲ. ನಾನೊಬ್ಳೇ ಮಾಡ್ತಿರೋದು. ಬೇಡ ಅಂದ್ರೆ ಹೇಳು, ಕರೆಸ್ತೀನಿ. ಬೇಜಾರಿಲ್ಲ ನಂಗೆ."

ಪಾಪಯ್ಯ ಯೋಚಿಸಿದ. ಜಹೀರುನ್ನೀಸಾ ಚಾಕುವನ್ನು ಕೈಯಲ್ಲೇ ಹಿಡಿದು ನಿಂತರು. ಸಾರ್ ಇಲ್ಲದಿರುವುದು ಅವರಿಗೂ ಆಗಲೇ ಗೊತ್ತಾದದ್ದು.

"ನಿಮ್ಮಪ್ಪನ ಮಗ್ಗ ರಿಪೇರಿ ಮಾಡೋವಾಗ ನಾನು ಏನಂತೀನಿ, ನೆನಪೈತಾ?" ಎಂದ ಅವನು ಕೊನೆಗೆ. "ಆಚೆ ಹೋಗಣ್ಣ, ನೀನು ಹಿಂದೆ ನಿಂತ್ರೆ ನನ್ ಕೈ ಓಡಲ್ಲ ಅಂತೀನಿ. ಹೋಗ್ಲಿ ಬಿಡು ಅವ್ರು. ನೀನು ಬಿಚ್ಚು."

ಚರ್ಮ ತೆರೆದುಕೊಂಡಿತು. ಅದರ ಕೆಳಗೆ ಹಳದಿ ಕೊಬ್ಬು, ಅದರ ಕೆಳಗೆ ಓರೆಯಾಗಿ ಹಾಸು ಬಿಟ್ಟಂತೆ ಬಿಳಿಯ ನಾರು, ಹೊಸ ಬಟ್ಟೆಯ ಹೊಳಪು ಅದಕ್ಕೆ. ನೂರು ಸಲ ನೋಡಿದ್ದಳು, ನೋಡಿರಲಿಲ್ಲ. ಯಾವಾಗಲೂ ಅರ್ಧ ನೋಟ ಗಾಯದಲ್ಲಿ, ಅರ್ಧ ಎದುರಿನ ಮುಖದಲ್ಲಿ ಇರುತ್ತಿತ್ತು. ಈಗ ಎದುರಿಗೆ ಮುಖವಿರಲಿಲ್ಲ, ಗಾಯದ ಅಂಚನ್ನು ಅಗಲಿಸಿ ಹಿಡಿದ ಜಹೀರುನ್ನೀಸಾರ ಎರಡು ಕೈಗಳಿದ್ದವು. ಒಮ್ಮೆ ಮಾತ್ರ ಮಣಿಕಟ್ಟಿನಲ್ಲಿ ಆ ಬೆರಳಿನ ತೂಕವನ್ನು ಹುಡುಕಿದಳು, ಅದು ಇದ್ದ ಜಾಗ ಹಗುರಾಗಿ, ಒಂದಿಷ್ಟು ಚಳಿಯಾಗಿ ಇತ್ತು, ಬಳೆ ತೆಗೆದಿಟ್ಟ ಕೈಯಂತೆ. ಆಮೇಲೆ ಅದನ್ನೂ ಮರೆತಳು. ಎಷ್ಟು ಹೊತ್ತಾಯಿತು ಎನ್ನುವುದು ಹೋಯಿತು, ಹೆದರಿಕೆ ಹೋಯಿತು, ಎಲ್ಲಿಂದಲೋ ಮಗ್ಗದ ತಾಳವೊಂದು ಬಂದು ಕೈಗೆ ಹತ್ತಿತು. ಪರದೆಯಾಚೆ ಪಾಪಯ್ಯ ಅರಿವಳಿಕೆ ಡಾಕ್ಟರಿಗೆ, ಈಗಿನ ಮೋಟರುಗಳಿಗೆ ಮಾನ ಇಲ್ಲ ಎಂದು ವಿವರಿಸುತ್ತಿದ್ದ. ಹೊರಗೆ ನುಗ್ಗಿದ್ದ ತೆಳುವಾದ ಪೊರೆಯ ಚೀಲವನ್ನು ಅವಳು ಸುತ್ತಲ ನರಗಳಿಂದ ಬಿಡಿಸಿದಳು, ಒಳಗೆ ಕರುಳಿಲ್ಲವೆಂದು ನೋಡಿಕೊಂಡಳು. ಇನ್ನು ಅದರ ಕುತ್ತಿಗೆಗೆ ಬಿಗಿದು ಕಟ್ಟಿ ಕತ್ತರಿಸಬೇಕು. ಕೈ ಚಾಚಿದಳು. ಕಪ್ಪು ರೇಷ್ಮೆ ದಾರ ಅಂಗೈಗೆ ಬಂತು.

ಒಂದು ಸುತ್ತು, ಎರಡು, ಮೂರು. ಬಿಗಿಯಾಗಿಯೇ ಇತ್ತು. ನೋಡಿದರೆ ಯಾರೂ ತಪ್ಪು ಹೇಳುವಂತಿರಲಿಲ್ಲ. ಆದರೆ ಎರಡನೆಯ ಸುತ್ತಿನಲ್ಲಿ ಬೆರಳು ಏನೋ ಒಂದು ಸಣ್ಣ ಹೊಸೆತ ಹೊಸೆದಂತಿತ್ತು, ಹೊಸೆಯಿತೋ ಇಲ್ಲವೋ. ಸಾರ್ ಇದ್ದಿದ್ದರೆ ಈಗ ಕತ್ತು ಎತ್ತುತ್ತಿದ್ದಳು. ಅವರ ಕಣ್ಣು ಸರಿ ಎಂದರೆ ಸರಿಯಾಗಿಬಿಡುತ್ತಿತ್ತು. ಸುಮ್ಮನಿದ್ದರೆ ಭೇಷ್ ಎನ್ನುವವರೂ ಇಲ್ಲ, ಬೇಡವೆನ್ನುವವರೂ ಇಲ್ಲ. ಅವಳು ನೆಟ್ಟಗೆ ನಿಂತಳು.

"ಸಿಸ್ಟರ್, ಈ ಗಂಟು ನಂಗೆ ಸಮಾಧಾನ ಇಲ್ಲ. ಇದನ್ನ ತೆಗೆದು ಇನ್ನೊಂದು ಹಾಕ್ತೀನಿ. ದಾರ ಕೊಡಿ."

ಇಷ್ಟು ಸುಲಭವೇ ಇದು. ಇಷ್ಟು ಸಣ್ಣ ಮಾತು ಗಂಟಲಿನಿಂದ ಆಚೆ ಬರುವುದಕ್ಕೆ ಎಷ್ಟು ಹಗುರ ಎಂದು ಅವಳಿಗೆ ಅಚ್ಚರಿಯಾಯಿತು. ಜಹೀರುನ್ನೀಸಾ ಹೊಸ ಎಳೆ ಕೊಟ್ಟರು. ಪರದೆಯಾಚೆ ಮೋಟರಿನ ಕಥೆ ನಿಂತಿತು.

"ಏನಾಯ್ತಮ್ಮ, ಕಿತ್ತೋಯ್ತಾ?"

"ಇಲ್ಲ ಮಾವ. ಕಿತ್ತುಹೋಗ್ಬಾರ್ದು ಅಂತ ಇನ್ನೊಂದ್ಸಲ ಹಾಕ್ತಿದೀನಿ."

"ಹಾಕು ಹಾಕು. ನಾನೂ ನಟ್ಟು ಎರಡೆರಡು ಸಲ ಬಿಚ್ಚಿ ಹಾಕೋನೇ," ಎಂದು ಪಾಪಯ್ಯ ಅರಿವಳಿಕೆ ಡಾಕ್ಟರ ಕಡೆ ತಿರುಗಿ, "ಇವ್ರಪ್ಪನೂ ಹಿಂಗೇ ಸಾರ್, ಒಂದೆಳೆ ಹೋದ್ರೆ ಮಗ್ಗ ನಿಲ್ಲಿಸ್ತಾನೆ" ಎಂದ. ಅದು ದೂರೋ ಹೊಗಳಿಕೆಯೋ ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಹೊಸ ಗಂಟು ಕೂತಿತು. ಮೊದಲ ಸುತ್ತು ಬಲಕ್ಕೆ, ಎರಡನೆಯದು ಎಡಕ್ಕೆ, ಮೂರನೆಯದು ಮತ್ತೆ ಬಲಕ್ಕೆ. ಒಂದೊಂದನ್ನೂ ಅವಳು ಕಣ್ಣಾರೆ ನೋಡಿದಳು. ಅದನ್ನು ಎಳೆದು ನೋಡಿದಾಗ ಸಿಕ್ಕ ಆ ಗಟ್ಟಿತನ ಬೆರಳಿನಿಂದ ಭುಜಕ್ಕೆ, ಭುಜದಿಂದ ಎದೆಗೆ ಏರಿತು. ಮಿಕ್ಕ ಹೊಲಿಗೆಗಳು ಒಂದರ ಹಿಂದೊಂದು ಬಂದವು. ತಾನು ಮುಸುಕಿನೊಳಗೆ ಏನೋ ಗುನುಗುತ್ತಿದ್ದೇನೆ ಎಂದು ಅವಳಿಗೆ ತಿಳಿದದ್ದು, ಪಾಪಯ್ಯ ಅದಕ್ಕೆ ದನಿಗೂಡಿಸಿದಾಗ.

ಕೊನೆಯ ಹೊಲಿಗೆಯ ಮೇಲೆ ಬ್ಯಾಂಡೇಜು ಅಂಟಿಸುವವರೆಗೂ ಸಾರ್ ಬರಲಿಲ್ಲ. ಪಾಪಯ್ಯನನ್ನು ಸ್ಟ್ರೆಚರಿಗೆ ಸಾಗಿಸಿ, ನಾಡಿ, ಬಿಪಿ ಎರಡನ್ನೂ ತಾನೇ ನೋಡಿ, ಗೌನು ಬಿಚ್ಚಿ ಅವಳು ಸ್ಟೋರಿನ ಕಡೆಗೆ ನಡೆದಳು. ಹತ್ತು ಹೆಜ್ಜೆ ಎಂದಿದ್ದರು ಸಾರ್, ಹದಿನೇಳಿತ್ತು. ಒಳಗೆ ಹತ್ತಿಯ ಮೂಟೆಗಳ ನಡುವೆ ಸಾರ್ ಒಂದು ಸ್ಟೂಲಿನ ಮೇಲೆ, ಬೈಸಿಕೊಂಡವರ ಹಾಗೆ ಮೊಣಕಾಲಿನ ಮೇಲೆ ಕೈಯಿಟ್ಟು ಕುಳಿತಿದ್ದರು. ಯೋಗಾನಂದ ತಮ್ಮ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಬೂದುಬಣ್ಣದ ಸ್ವೆಟರಿನ ಎಲ್ಲ ಗುಂಡಿಗಳನ್ನೂ ಹಾಕಿದ್ದ ಆ ಸಣಕಲು ಮನುಷ್ಯನ ಕುತ್ತಿಗೆಯ ಮೇಲೆ ಇವತ್ತು ಕೆಂಪಿರಲಿಲ್ಲ. ಮೇಜಿನ ಮೇಲೆ ಎರಡು ಖಾಲಿ ಟೀ ಲೋಟಗಳಿದ್ದವು, ಅದನ್ನು ನೋಡಿ ಅವಳ ಎದೆ ಒಂದು ಸಲ ಹಾರಿತು, ಆದರೆ ಈಗ ಅದಕ್ಕೆಲ್ಲ ಹೊತ್ತಿರಲಿಲ್ಲ. ಬಾಗಿಲಲ್ಲೇ ನಿಂತು, ನನ್ನದೇ ತಪ್ಪು, ನಿಮ್ಮ ದಾರ ಸರಿಯಿತ್ತು, ನಾನು ಸರಿಯಾಗಿ ಕಟ್ಟಿರಲಿಲ್ಲ, ನಿಮ್ಮನ್ನು ಬೈಯುವಾಗ ಪಕ್ಕದಲ್ಲಿದ್ದೂ ಸುಮ್ಮನಿದ್ದೆ, ಕ್ಷಮಿಸಿ ಎಂದಳು.

ಯೋಗಾನಂದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪಾಪಯ್ಯಂಗೆ ಯಾವ ರೀಲು ಹಾಕಿದ್ರಿ ಮೇಡಂ?"

"ನೀವು ಕೊಟ್ಟಿದ್ದೇ."

"ಹೆಂಗಿತ್ತು?"

"ಗಟ್ಟಿಯಾಗಿತ್ತು."

ಅವರು ಆ ಮಾತನ್ನು ಬಾಯಲ್ಲಿಟ್ಟು ಚಪ್ಪರಿಸಿದಂತೆ ಕಂಡಿತು. ಆಮೇಲೆ ಎದ್ದು, ಬಾಗಿಲು ದಾಟಿ, ಕಾರಿಡಾರಿನ ತುದಿಗೆ ಹೋಗಿ ಜಹೀರುನ್ನೀಸಾರನ್ನು, ಲಾಂಡ್ರಿಯವನನ್ನು, ಚೀಟಿ ಬರೆಯುವ ಹುಡುಗಿಯನ್ನು ಕರೆತಂದರು. ಅವತ್ತು ಅಷ್ಟು ಜನ ಇದ್ರು, ಇವತ್ತೂ ಇರ್ಲಿ, ಇನ್ನೊಂದ್ಸಲ ಹೇಳಿ ಮೇಡಂ ಎಂದರು. ವಾಣಿ ಇನ್ನೊಂದು ಸಲ ಹೇಳಿದಳು. ಈ ಸಲ ಕೆಚ್ಚುವುದು ಎಂದರೆ ಏನೆಂದೂ ಬೆರಳಲ್ಲಿ ಮಾಡಿ ತೋರಿಸಬೇಕಾಯಿತು, ಲಾಂಡ್ರಿಯವನು ನಮ್ಮಮ್ಮನೂ ಹಂಗೇ ಮಾಡ್ತಾಳೆ ಎಂದು ತಲೆದೂಗಿದ. ಜಹೀರುನ್ನೀಸಾ ಮಾತ್ರ, ಅವತ್ತು ಪಕ್ಕದಲ್ಲೇ ನಿಂತಿದ್ದೆ, ನನಗೂ ಕಾಣಲಿಲ್ಲವಲ್ಲ ಎಂದು ತಮ್ಮ ಕೈಯನ್ನೇ ನೋಡಿಕೊಂಡರು. ಸಾರ್ ಎದ್ದು, ನಂದೂ ತಪ್ಪು, ವಿಚಾರಿಸದೆ ಬಾಯಿ ಬಿಟ್ಟೆ ಎಂದು ಎಲ್ಲರ ಮುಂದೆ ಯೋಗಾನಂದರ ಕೈ ಹಿಡಿದುಕೊಂಡರು. ಯೋಗಾನಂದ ಕೈ ಬಿಡಿಸಿಕೊಂಡು, ಆಯ್ತು ಸಾರ್, ಆಯ್ತು ಎಂದರು. ಆದರೆ ಅವರಿಗೆ ಇನ್ನೂ ಆಗಿರಲಿಲ್ಲ. ವಾರ್ಡಿನಲ್ಲಿ ಅವತ್ತು ಎಂಟು ಮಂಚ ಕೇಳಿಸಿಕೊಂಡಿದ್ದವು ಎಂದರು. ಮಂಚದಲ್ಲಿ ಅವತ್ತಿದ್ದವರು ಈಗಿಲ್ಲವಲ್ಲ ಎಂದು ಚೀಟಿಯ ಹುಡುಗಿ ಹೇಳಿದ್ದಕ್ಕೆ, ಮಂಚ ಅವೇ ಅಲ್ವಾ ಎಂದರು.

ಹಾಗೆ ಎಲ್ಲರೂ ವಾರ್ಡಿಗೆ ನಡೆದರು, ಮುಂದೆ ಸ್ವೆಟರಿನ ಯೋಗಾನಂದ, ಹಿಂದೆ ಸಾರ್, ಸಿಸ್ಟರು, ಲಾಂಡ್ರಿ. ಎಂಟು ಮಂಚಗಳ ನಡುವೆ, ಅದೇ ಜಾಗದಲ್ಲಿ, ವಾಣಿ ಆ ಮಾತನ್ನು ಯೋಗಾನಂದರಿಗಾಗಿ ಮೂರನೆಯ ಸಲ ಹೇಳಲು ನಿಂತಳು. ಆಗ ತಾನೇ ಬಂದು ಮಲಗಿದ್ದ ಪಾಪಯ್ಯ ಕಿವಿ ನಿಮಿರಿಸಿದ. ಸ್ಟೋರಿನ ಬಾಗಿಲಲ್ಲಿ ಮೊದಲ ಸಲ ಹೇಳುವಾಗ ನಾಲಗೆ ಕಲ್ಲಾಗಿತ್ತು, ಎರಡನೆಯ ಸಲ ಮಾತಾಗಿತ್ತು. ಈ ಸಲ ಬಾಯಿ ತೆರೆದರೆ ಅದು ಅಜ್ಜಿಯ ಧಾಟಿಯಲ್ಲಿ, ಒಂದಾನೊಂದು ಊರಲ್ಲಿ ಎಂದು ಶುರುವಾಗುವ ಹಾಗಿತ್ತು. ನಗು ಎಲ್ಲಿಂದ ಬರುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ, ತಡೆಯಲೂ ಇಲ್ಲ.

"ಎಲ್ಲಾರೂ ಕೇಳಿ," ಎಂದಳು ಅವಳು, ಹಿಂದಿನ ಮಂಚದವರಿಗೂ ಕೇಳಿಸುವ ಹಾಗೆ. "ಯೋಗಾನಂದ ಅವರು ಕೊಟ್ಟ ದಾರ ಹೊಸದು."